ಬದನೆ ಗಿಡದ ಅಳು

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಶಾಲೆಯ ಅಂಗಳದಲ್ಲಿ ಬದನೆ ಗಿಡ ಅಳತೊಡಗಿತು.

"ನೋಯ್ತಿದೆ ಅಕ್ಕಾ..."

ಅದರ ಹಣ್ಣೆಲೆಯೊಂದನ್ನು ಕಿತ್ತಿದ್ದ ಎಂಟು ವರ್ಷದ ಪುಟ್ಟತಾಯಿ ಬೆಂಕಿ ಮುಟ್ಟಿದವಳಂತೆ ಕೈ ಹಿಂತೆಗೆದಳು. ಅವಳ ಕಣ್ಣು ತುಂಬಿತು. ಸುತ್ತ ನಿಂತಿದ್ದ ತಂದೆತಾಯಂದಿರು ಚಪ್ಪಾಳೆ ತಟ್ಟಿದರು. ಅವಳ ತಾಯಿ ಸಿಂಚನಳೂ ತಟ್ಟಿದಳು. ಎಲ್ಲರೂ ತಟ್ಟುವಾಗ ಒಬ್ಬಳೇ ಸುಮ್ಮನಿರುವುದು ಚೆನ್ನಾಗಿರುವುದಿಲ್ಲ. ಸಿಂಚನಳ ಬಾಲ್ಯದಲ್ಲಿ ತರಗತಿಗೆ ನಾಲ್ವರು ಸಿಂಚನರಿದ್ದರು. ಈಗ ತರಗತಿಗೆ ಮೂವರು ಪುಟ್ಟತಾಯಿಯರು. ಹಳೆಯದೆಲ್ಲ ಹೊಸತಾಗಿ ಬರುವ ಕಾಲ ಅದು. ಮಣ್ಣು ಕೂಡ ಹಾಗೆಯೇ ಬಂದಿತ್ತು, ಕಾನೂನಿನ ಮೂಲಕ.

ಪರದೆಯ ಮೇಲಷ್ಟೇ ಮರ ನೋಡಿ ಬೆಳೆದ ಒಂದು ತಲೆಮಾರಿನ ಬಳಿಕ ಸರ್ಕಾರ ಎಚ್ಚೆತ್ತು, ದಿನಕ್ಕೊಂದು ಗಂಟೆ 'ಹೊರಾಂಗಣ ಪಾಠ'ವನ್ನು ಕಡ್ಡಾಯ ಮಾಡಿತ್ತು. ಮಕ್ಕಳನ್ನು ಮಣ್ಣಿನವರೆಗೆ ಕರೆತರುವುದು ಕಾನೂನಿನಿಂದಾಯಿತು. ಪ್ರೀತಿಯನ್ನು ಯಾರು ತರಬೇಕು? ಡಾ. ತನ್ಮಯ ತಂದರು, ಬ್ಯಾಟರಿ ಸಮೇತ.

ಅವರ ಉಪಕರಣದ ಹೆಸರು ಸಸ್ಯವಾಚಕ. ಬಟ್ಟೆ ಒಣಹಾಕುವ ಕ್ಲಿಪ್ಪಿನಷ್ಟೇ ಗಾತ್ರ. ಮುಟ್ಟಿದಾಗ, ಕಿತ್ತಾಗ ಗಿಡದೊಳಗೆ ಅತಿ ಸಣ್ಣ ವಿದ್ಯುತ್ ಅಲೆಗಳೇಳುತ್ತವೆ. ತನ್ಮಯರು ಅದನ್ನು 'ಎಲೆಮಿಡಿತ' ಎಂದು ಕರೆದರು. ಸಸ್ಯವಾಚಕ ಆ ಮಿಡಿತವನ್ನು ಹಿಡಿದು ಪುಟ್ಟ ಮಗುವಿನ ದನಿಗೆ ತಿರುಗಿಸುತ್ತಿತ್ತು. ಗಿಡದ ಕಷ್ಟ ಕಿವಿಗೇ ಬಿದ್ದ ಮೇಲೆ ಯಾವ ಮಗು ತಾನೇ ಕಲ್ಲಾಗಿರುತ್ತದೆ?

ಯಾವುದೂ ಆಗಲಿಲ್ಲ. ಒಂದೇ ತಿಂಗಳಲ್ಲಿ ಮಕ್ಕಳ ಪ್ರಕೃತಿಪ್ರೇಮ ಎಷ್ಟು ಹೆಚ್ಚಿತೆಂದರೆ, ಪ್ರಕೃತಿಯ ಹತ್ತಿರ ಒಬ್ಬರೂ ಸುಳಿಯದಂತಾಯಿತು. ಗರಿಕೆ ತುಳಿದರೆ ಅಳುತ್ತದೆಂದು ಹೊರಾಂಗಣ ಪಾಠದ ಗಂಟೆಯಿಡೀ ಎಲ್ಲರೂ ಸಿಮೆಂಟಿನ ದಾರಿಯ ಮೇಲೆ ಸಾಲಾಗಿ ನಿಂತಿರುತ್ತಿದ್ದರು. ಕೀಳುವವರಿಲ್ಲದೆ ಕಳೆ ಮಕ್ಕಳ ಎತ್ತರಕ್ಕೆ ಬೆಳೆಯಿತು. ಅದರ ನಡುವೆ ಬದನೆ ಬಡಕಲಾಯಿತು. "ಒಂದೇ ಒಂದು ಎಲೆಗೂ ಹಾನಿಯಾಗಿಲ್ಲ" ಎಂದು ನಿಹಾರಿಕಾ ಮಿಸ್ ವರದಿ ಕಳಿಸಿದರು. ಶಾಲೆಗೆ ಪ್ರಶಸ್ತಿ ಬಂತು.

ಪ್ರಶಸ್ತಿಯ ಪ್ರಸಾದ ಮನೆಗೂ ತಲುಪಿತು. ಪುಟ್ಟತಾಯಿ ಮೊದಲು ಸೊಪ್ಪು ಬಿಟ್ಟಳು, ಆಮೇಲೆ ತರಕಾರಿ. ಹಿತ್ತಿಲ ಕರಿಬೇವಿಗೆ ಅಮ್ಮ ಕೈಹಾಕದಂತೆ ಕಾವಲು ಕೂತಳು. ಒಂದು ಮಧ್ಯಾಹ್ನ ಮುದ್ದೆಯ ಮುಂದೆ ಕೂತು ಕೇಳಿದಳು:

"ಅಮ್ಮಾ, ರಾಗಿನೂ ಗಿಡವಾ?"

"ಅಲ್ಲ ಕಂದ, ಹಿಟ್ಟು."

"ಅದಕ್ಕೆ ಮುಂಚೆ ಏನಾಗಿತ್ತು?"

ಮಗಳು ತಟ್ಟೆ ಸರಿಸಿ ಎದ್ದಳು. ಆರು ವಾರದಲ್ಲಿ ಎರಡೂವರೆ ಕೆಜಿ ಇಳಿದಿದ್ದಳು. ಲಂಗದ ಗುಂಡಿಯನ್ನು ಎರಡು ಸಲ ಒಳಕ್ಕೆ ಹೊಲಿದಾಗಿತ್ತು. ವೈದ್ಯರು ಟಾನಿಕ್ ಬರೆದರು. ಬಾಟಲಿಯ ಮೇಲೆ ಎಲೆಯ ಚಿತ್ರವಿತ್ತು. ಅದನ್ನೂ ಕುಡಿಯಲಿಲ್ಲ.

ಮರುದಿನ ಕುಕ್ಕರ್ ಇಳಿಸಿದವಳೇ ಸಿಂಚನ ನೇರವಾಗಿ ತನ್ಮಯರ ಪ್ರಯೋಗಾಲಯಕ್ಕೆ ಹೋದಳು.

"ಗಿಡಕ್ಕೆ ನೋವಾಗುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು ಸಾರ್?"

"ಎಲೆಮಿಡಿತ ಬರುತ್ತಲ್ಲಮ್ಮ."

"ಬರ್ಲಿ. ಅದು ನೋವೇ ಅಂತ ಯಾರು ಹೇಳಿದ್ರು?"

ತನ್ಮಯರು ಕನ್ನಡಕ ಒರೆಸಿಕೊಂಡರು. "ಅದು ಸಮಿತಿ ತೀರ್ಮಾನ. ಮಿಡಿತಕ್ಕೆ ಏನಾದ್ರೂ ಒಂದು ಮಾತು ಕೊಡ್ಬೇಕಿತ್ತು. 'ಏನೋ ಆಯ್ತು' ಅಂತ ಕೊಟ್ಟು ನೋಡಿದ್ವಿ, ಮಕ್ಕಳು ತಿರುಗಿಯೂ ನೋಡ್ಲಿಲ್ಲ. 'ನೋಯ್ತಿದೆ' ಅಂದಾಗ ನೂರಕ್ಕೆ ತೊಂಬತ್ತೆಂಟು ಮಕ್ಕಳು ಅತ್ರು."

"ಒಳ್ಳೇ ಫಲಿತಾಂಶ."

"ನಮಗೂ ಹಾಗೇ ಅನ್ನಿಸ್ತು" ಎಂದರು ತನ್ಮಯರು. ವ್ಯಂಗ್ಯದ ಮಿಡಿತ ಹಿಡಿಯುವ ಉಪಕರಣ ಅವರ ಬಳಿ ಇರಲಿಲ್ಲ.

"ನನ್ನ ಮಗಳು ಹುಟ್ಟಿದ ಹೊಸದರಲ್ಲಿ ಅತ್ತಾಗೆಲ್ಲ ಹಸಿವು ಅಂದ್ಕೊಂಡು ಹಾಲು ಕುಡಿಸ್ತಿದ್ದೆ ಸಾರ್. ಕುಡಿದಿದ್ದೆಲ್ಲ ಕಕ್ಕೋಳು. ಆಮೇಲೆ ತಿಳೀತು, ಒಂದು ಅಳು ನಿದ್ದೆಗೆ, ಒಂದು ಸೆಖೆಗೆ, ಇನ್ನೊಂದು ಸುಮ್ನೆ ಎತ್ಕೋ ಅಂತ. ಎತ್ಕೊಂಡು ಓಡಾಡ್ತಾನೇ ಕಲಿತೆ. ದೂರ ನಿಂತಿದ್ರೆ ಇವತ್ತಿಗೂ ಗೊತ್ತಾಗ್ತಿರ್ಲಿಲ್ಲ."

"ಅದು ವೈಜ್ಞಾನಿಕ ವಿಧಾನ ಅಲ್ಲಮ್ಮ."

"ನಿಜ. ನಮ್ಮನೇಲಿ ಸಮಿತಿ ಇರ್ಲಿಲ್ಲ" ಎಂದು ಸಿಂಚನ ಎದ್ದಳು. "ಒಂದು ವಾಚಕ ಕೊಡಿ. ಒಂದು ವಾರ ಇಟ್ಕೊಂಡು ವಾಪಸ್ ಕೊಡ್ತೀನಿ."

ಮನೆಯಲ್ಲಿ ಅದನ್ನು ಕರಿಬೇವಿನ ಕಾಂಡಕ್ಕೆ ಸಿಕ್ಕಿಸಿ, ಮಗಳ ಕೈಗೆ ಚೊಂಬು ಕೊಟ್ಟಳು. "ನಾನು ಮುಟ್ಟಲ್ಲ. ನೀನೇ ನೀರು ಹಾಕು."

ಶಾಲೆಯಲ್ಲಿ ಮಕ್ಕಳು ಬರುವ ಮೊದಲೇ ಪೈಪುಗಳು ನೀರುಣಿಸಿ ಮುಗಿಸಿರುತ್ತಿದ್ದವು. ಅಷ್ಟು ಒರಟು ಕೆಲಸವನ್ನು ಪ್ರಕೃತಿಪ್ರೇಮಿಗಳಿಗೆ ಯಾರು ಹೇಳಿಯಾರು? ಹೀಗಾಗಿ ಪುಟ್ಟತಾಯಿ ತನ್ನ ಜೀವನದಲ್ಲಿ ಗಿಡವೊಂದಕ್ಕೆ ನೀರೆರೆದದ್ದು ಅದೇ ಮೊದಲು.

"ನೋಯ್ತಿದೆ ಅಕ್ಕಾ" ಎಂದಿತು ಕರಿಬೇವು.

ಹುಡುಗಿ ಚೊಂಬು ಹಿಡಿದು ಬೆಪ್ಪಾಗಿ ನಿಂತಳು. ಅಷ್ಟರಲ್ಲಿ ನೀರಿನ ಟ್ಯಾಂಕಿನ ಮರೆಯಿಂದ ಬಿಸಿಲು ಬಂದು ಗಿಡದ ಮೇಲೆ ಬಿತ್ತು. "ನೋಯ್ತಿದೆ ಅಕ್ಕಾ." ಪಿಕಳಾರವೊಂದು ಬಂದು ಕೊಂಬೆಯ ಮೇಲೆ ಜೀಕಿ ಹಾರಿಹೋಯಿತು. "ನೋಯ್ತಿದೆ ಅಕ್ಕಾ."

ಪುಟ್ಟತಾಯಿ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತು ನೋಡಿದಳು. ಸಿಂಚನ ಬಟ್ಟೆ ಹಿಂಡಿ ಹರವುತ್ತಿದ್ದಳು.

"ಅಮ್ಮಾ, ಇದಕ್ಕೆ ಒಂದೇ ಮಾತು ಬರೋದು."

"ಹೌದಾ?"

"ಹ್ಞೂಂ. ಪಕ್ಕದ್ಮನೆ ಪಾಪು ನಾಯಿಗೂ ತಾತ ಅನ್ನುತ್ತೆ, ಫ್ಯಾನಿಗೂ ತಾತ ಅನ್ನುತ್ತಲ್ಲ, ಹಂಗೆ." ಅವಳು ಕ್ಲಿಪ್ ಕಳಚಿ ಬದಿಗಿಟ್ಟಳು. "ಇದು ಮಾತಾಡ್ತಿದ್ರೆ ಗಿಡ ಏನ್ಮಾಡುತ್ತೆ ಅಂತ ನೋಡೋಕೇ ಆಗಲ್ಲ."

ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಒಂದು ಕುಡಿ ಚಿವುಟಿದಳು. ಸೊಪ್ಪಿನ ವಾಸನೆ ಬೆರಳಿಗೆ ಅಂಟಿತು. ಅಳು ಕೇಳಲಿಲ್ಲ. ದಿನವೂ ಹೋಗಿ ಅದೇ ಜಾಗವನ್ನು ನೋಡಿದಳು. ಒಂಬತ್ತನೆಯ ದಿನ, ಒಂದು ಕುಡಿಯಿದ್ದಲ್ಲಿ ಎರಡು ಕಾಣಿಸಿಕೊಂಡಿದ್ದವು. ಒಂಬತ್ತು ವರ್ಷದಿಂದ ಒಗ್ಗರಣೆಗೆ ಚಿವುಟಿಸಿಕೊಂಡೇ ಆ ಗಿಡ ಅಷ್ಟು ದಟ್ಟವಾಗಿತ್ತು. ಆ ವಿಷಯವನ್ನು ಸಿಂಚನ ಹೇಳಿಕೊಡಬಹುದಿತ್ತು. ಹೇಳದೆ ಉಳಿದದ್ದೇ ಅವಳ ಜೀವನದ ಕಷ್ಟದ ಕೆಲಸ.

ಅಂದು ಪುಟ್ಟತಾಯಿ ಉಪ್ಪಿಟ್ಟು ಕೇಳಿ ಹಾಕಿಸಿಕೊಂಡಳು. ಕರಿಬೇವನ್ನು ತಟ್ಟೆಯಂಚಿಗೆ ಸರಿಸದೆ ಅದನ್ನೂ ಅಗಿದಳು. ಸಿಂಚನ ಒಲೆಯ ಕಡೆ ತಿರುಗಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಈರುಳ್ಳಿ ಖಾರ ಎಂದಳು.

ಇಂಥ ಸುದ್ದಿ ಎರಡನೆಯ ಬೆಂಚು ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ತಿಂಗಳೊಳಗೆ ಶಾಲೆಯ ಕ್ಲಿಪ್ಪುಗಳೆಲ್ಲ ಒಂದು ಬಕೆಟ್ಟಿಗೆ ಬಿದ್ದವು. ಮಕ್ಕಳು ಮೊಣಕಾಲುದ್ದ ಕೆಸರಲ್ಲಿ ಕಳೆ ಕಿತ್ತರು, ಬದನೆಯ ಬುಡ ಸಡಿಲಿಸಿದರು, ಹುಳ ಬಿದ್ದಾಗ ಬೈದಾಡಿದರು, ಹೂಬಿಟ್ಟಾಗ ಕಾವಲಿಗೆ ಪಾಳಿ ಹಾಕಿಕೊಂಡರು.

ವಿಷಯ ತಿಳಿದು ತನ್ಮಯರು ಬೆಳಗ್ಗೆಯೇ ಓಡಿಬಂದರು. ಪೊದೆಯಂತೆ ಬೆಳೆದ ಬದನೆಯ ಮುಂದೆ ನಿಂತು, ಮಗಳನ್ನು ಬಿಡಲು ಬಂದಿದ್ದ ಸಿಂಚನಳಿಗೆ ಮಧ್ಯಾಹ್ನದವರೆಗೆ ವಿವರಿಸಿದರು. ಸಮಿತಿಗೆ ಈಗ ದಾರಿ ಸ್ಪಷ್ಟವಾಗಿದೆ; ಸಸ್ಯವಾಚಕದ ಮುಂದಿನ ಮಾದರಿ ಏನನ್ನೂ ಮಾತಾಡುವುದಿಲ್ಲ; ಅದರ ತಯಾರಿಕೆಗೆ ಮೂರು ವರ್ಷ ಸಾಕು.

ಅವರ ಹಿಂದೆ ಮಣ್ಣುಗೈಯಲ್ಲಿ ನಿಂತಿದ್ದ ಪುಟ್ಟತಾಯಿ ಬಕೆಟ್ಟಿನಿಂದ ಒಂದು ಕ್ಲಿಪ್ ತೆಗೆದು ಮೆಲ್ಲಗೆ ಅವರ ಕಿರುಬೆರಳಿಗೆ ಸಿಕ್ಕಿಸಿದಳು.

"ನೋಯ್ತಿದೆ ಅಕ್ಕಾ" ಎಂದಿತು ಅದು.

ತನ್ಮಯರು ಬೆಚ್ಚಿದರು. "ನನಗೇನೂ ನೋವಿಲ್ಲ ಮರಿ."

ಹುಡುಗಿ ಅವರ ಮುಖವನ್ನು, ಒಣಗಿದ ತುಟಿಯನ್ನು ಸಾವಕಾಶವಾಗಿ ನೋಡಿದಳು. ಕ್ಲಿಪ್ ಕಳಚಿ ಬಕೆಟ್ಟಿಗೆ ಹಾಕಿದಳು.

"ಅಮ್ಮಾ" ಎಂದಳು, "ಅಂಕಲ್ ಬೆಳಗ್ಗೆಯಿಂದ ತಿಂಡಿ ತಿಂದಿಲ್ಲ."