ತಿಂಗಳಿಗೆ ಎರಡು ಶನಿವಾರ

ಮಗಳಿಗಿಂತ ಹೆಚ್ಚಾಗಿ ನಾನೇ ಶನಿವಾರಕ್ಕೆ ಕಾಯುತ್ತಿದ್ದೇನಲ್ಲ... ಇದು ತಪ್ಪಲ್ಲವೇ?

ಭಾಗ್ಯ ಇದನ್ನು ತನಗೆ ತಾನೇ ಒಪ್ಪಿಕೊಂಡದ್ದು ಯಾದಗಿರಿ ಕೋರ್ಟಿನ ಮೆಟ್ಟಿಲ ಮೇಲೆ, ಗಂಡ ಶ್ರೀಮಂತ ಎದುರಿಗೆ ಬಂದು ನಿಂತಾಗ. ಅವನ ಕಣ್ಣು ಅವಳ ಮೇಲೆ ನಿಂತಿತು. ಅವಳೇ ಮೊದಲು ತಲೆ ತಗ್ಗಿಸಿದಳು.

"ಅಪ್ಪಾ!" ಗೌತಮಿ ಅವ್ವನ ಕೈ ಕೊಸರಿಕೊಂಡು ಓಡಿದಳು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡದ ಹತ್ತಿರ ಬಸ್ಸಿನ ಡ್ರೈವರನಿಗೆ, ಬುದ್ಧ ಮಲಗ್ಯಾನ, ಹಾರ್ನ್ ಹೊಡಿಬ್ಯಾಡ ಎಂದು ಗದರಿಸಿದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅವನು ನಕ್ಕ. ಆ ನಗು ಮಗಳ ಪಾಲಿನದು... ಭಾಗ್ಯ ಕದ್ದು ನೋಡಿದಳು.

ಹೆರಿಗೆಗೆಂದು ಶಹಾಪುರದ ತವರಿಗೆ ಬಂದವಳು ಮತ್ತೆ ಗಂಡನ ಮನೆಗೆ ಹೋಗಿರಲಿಲ್ಲ. ಬಾಣಂತನ ಮುಗಿದ ಮೇಲೆ ಗಂಡನ ಕಡೆಯ ಹೆಂಗಸರು ಬಂದು, ಉಡಿ ತುಂಬಿ, ತಾಯಿ ಮಗುವನ್ನು ಕರೆದೊಯ್ಯಬೇಕು. ಅದು ಪದ್ಧತಿ. ಗಂಡನ ಊರು ಸುರಪುರದಿಂದ ಯಾರೂ ಬರಲಿಲ್ಲ. ಬಂದದ್ದು ಕೋರ್ಟಿನ ನೋಟಿಸು. ಮಗಳನ್ನು ತನಗೆ ಒಪ್ಪಿಸಬೇಕೆಂದು ಶ್ರೀಮಂತ ಕೇಳಿದ್ದ.

'ಮಗಳು ಬೇಕು, ನಾನು ಬೇಡ...' ಎಂದೇ ಅವಳು ತಿಳಿದಳು.

ಎಳೆಯ ಕೂಸು ಸದ್ಯಕ್ಕೆ ತಾಯಿಯ ಬಳಿಯೇ ಇರಲಿ, ತಂದೆ ತಿಂಗಳಿಗೆ ಎರಡು ಶನಿವಾರ ಕೋರ್ಟಿನ ಕೋಣೆಯೊಂದರಲ್ಲಿ ಕಾಣಲಿ ಎಂದು ಆದೇಶವಾಯಿತು. ಕೂಸು ಹೆದರದಿರಲೆಂದು ಭಾಗ್ಯ ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದಳು. ಐಟಿಐಯಲ್ಲಿ ವೆಲ್ಡಿಂಗ್ ಕಲಿಸುವ ಆ ಒರಟು ಕೈಗಳು ಮಗಳ ಜಡೆ ಹೆಣೆಯಲು ಕಲಿತದ್ದನ್ನು ಅಲ್ಲಿಂದಲೇ ನೋಡಿದಳು. ಅವನು ತಂದ ಖಾರಾದ ಪೊಟ್ಟಣದಿಂದ ಒಂದು ಹಿಡಿ ತಂದು ಗೌತಮಿ ಅವ್ವನ ಅಂಗೈಗೆ ಸುರಿಯುವಳು. ಅಪ್ಪ ಕೊಟ್ಟು ಕಳಿಸಿದ್ದೋ, ಮಗಳೇ ತಂದದ್ದೋ... ಕೇಳುವ ಧೈರ್ಯ ಭಾಗ್ಯಳಿಗಿರಲಿಲ್ಲ.

ಗೌತಮಿಗೆ ಈಗ ಐದು ವರ್ಷ. ಇಂದು ಕೊನೆಯ ತೀರ್ಮಾನ.

ನ್ಯಾಯಾಧೀಶೆ ಗೌತಮಿಯೊಬ್ಬಳನ್ನೇ ಒಳಗೆ ಕರೆದು ಮಾತಾಡಿಸಿದರು. ಆಮೇಲೆ ಇಬ್ಬರನ್ನೂ ಕರೆಸಿ, ಇಲ್ಲಿ ಗೆಲ್ಲುವವರು ಸೋಲುವವರು ಇಲ್ಲ, ಮಗುವಿನ ಹಿತವೊಂದೇ ನೋಡುವುದು ಎಂದರು. ಮಗಳು ಅವ್ವನ ಬಳಿಯೇ ಬೆಳೆದು ಶಾಲೆ ಕಲಿಯಲಿ. ವಾರದ ಕೊನೆಗೆ, ಅರ್ಧ ರಜೆಗೆ ಅಪ್ಪನ ಮನೆಗೆ ಹೋಗಲಿ. ಒಪ್ಪಿಗೆಯೇ ಎಂದು ಕೇಳಿದರು. ಇಬ್ಬರೂ ಒಪ್ಪಿದರು.

ಹೊರಗೆ ಬಂದ ಮೇಲೆ ಅವಳ ವಕೀಲರು ಹಗುರಾಗಿ ಹೇಳಿದರು: ಇನ್ನು ಭಾಗ್ಯ ಅಲೆಯಬೇಕಿಲ್ಲ, ಅವಳ ಅಪ್ಪ ಸಾಬಣ್ಣನೇ ಕೂಸನ್ನು ಸುರಪುರ ಬಸ್‌ಸ್ಟ್ಯಾಂಡಿನಲ್ಲಿ ಒಪ್ಪಿಸಿ ಬಂದರಾಯಿತು. ಹಾಗೆಂದವರು ಒಪ್ಪಂದ ಟೈಪ್ ಮಾಡಿಸಲು ಹೋದರು.

ಮಗಳು ಉಳಿದಳು. ಆದರೆ ಇವನು...? ಇನ್ನು ಮುಖ ನೋಡುವ ನೆಪವೂ ಇಲ್ಲ.

ಬೆಂಚಿನ ಇನ್ನೊಂದು ತುದಿಗೆ ಕುಳಿತವನತ್ತ ತಿರುಗಿ ಭಾಗ್ಯ ಕೇಳಿಯೇ ಬಿಟ್ಟಳು.

"ಕರಿಯಾಕ ಯಾಕ ಬರಲಿಲ್ರಿ?"

"ಬಂದಿದ್ದೆ."

ಭಾಗ್ಯ ಅವನತ್ತ ಸರಿದು ಕುಳಿತಳು.

"ನಿಮ್ಮಪ್ಪ ಕಟ್ಟಿ ಮ್ಯಾಲ ಕುಂದ್ರಿಸಿ ಚಾ ಕೊಟ್ರು. ಉಡಿ ತುಂಬಾಕ ಹೆಣ್ಮಕ್ಕಳನ್ನ ಕರಕೊಂಡು ಬರ್ರಿ, ಗಂಡಸು ಒಬ್ಬನ ಬಂದ್ರ ಹ್ಯಾಂಗ ಕಳಸೂದು ಅಂದ್ರು. ನನಗ ಅವ್ವ ಇಲ್ಲ, ಅಕ್ಕ ತಂಗಿ ಇಲ್ಲ. ಯಾರನ್ನ ತರ್ಲಿ ಭಾಗ್ಯಾ?" ಅವನ ದನಿ ಇಳಿಯಿತು. "ನೀನೂ ಹೊರಗ ಬರಲಿಲ್ಲ. ಮನಸಿಲ್ಲೇನೋ ಅನ್ಕೊಂಡೆ."

ಆಗ ಒಳಗೆ ಕೂಸಿಗೆ ಎರೆಯುತ್ತಿದ್ದೆನೋ, ತೂಗುತ್ತಿದ್ದೆನೋ... ನನಗೆ ಯಾರೂ ಹೇಳಲೇ ಇಲ್ಲವಲ್ಲ!

ಗೌತಮಿಯ ಕೈ ಹಿಡಿದು ಕಂಬದ ಬಳಿ ನಿಂತಿದ್ದ ಅಪ್ಪನತ್ತ ನೋಡಿದಳು. ಸಾಬಣ್ಣ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಆಚೆ ತಿರುಗಿದ.

ವಕೀಲರು ಕಾಗದ ಹಿಡಿದು ಬರುತ್ತಿದ್ದರು. ಶ್ರೀಮಂತ ಎದ್ದ.

"ನಿಮ್ಮಪ್ಪಗ ತ್ರಾಸ ಬ್ಯಾಡ. ನಾನ ಬಂದು ಕೂಸಿನ್ನ ಕರಕೊಂಡು ಹೋಗ್ತೇನಿ."

"ಬ್ಯಾಡ್ರಿ. ನಾನ ಕರಕೊಂಡು ಬರ್ತೇನಿ."

ಅವನು ಅವಳನ್ನೇ ನೋಡಿದ. "ಬಂದು, ಬಿಟ್ಟು, ಹೊಳ್ಳಿ ಹೋಗ್ತಿ?"

ಇಷ್ಟು ವರ್ಷ ಗಂಟಲಿಗೆ ಬಂದದ್ದನ್ನೆಲ್ಲ ನುಂಗಿಕೊಂಡವಳು ತಲೆ ಎತ್ತಿದಳು. ಅಪ್ಪನಿಗೆ, ವಕೀಲರಿಗೆ, ಬೆಂಚಿನ ಮೇಲಿದ್ದ ಗುರುತಿಲ್ಲದ ಜನಕ್ಕೂ ಕೇಳುವಂತೆ ಹೇಳಿದಳು:

"ಹೋಗೂದಿಲ್ರಿ. ನನಗ ನಿಮ್ಮ ಜೋಡಿನ ಇರಬೇಕಾಗ್ಯಾದ."