ಗಡಿಕಲ್ಲು ಕದ್ದವರು ಯಾರು?

ಗಡಿಕಲ್ಲು ಮಾಯ! ಠಾಣೆಯ ಮುಂದೆ ಅದು ನಿಂತಿದ್ದಲ್ಲಿ ಈಗ ಬರಿಯ ಗುಂಡಿ.

ಊಟ ಮುಗಿಸಿ ಬಂದ ಕಾವಲುಗಾರ ಬೊಬ್ಬೆ ಹಾಕಿದ. ಎರಡು ದೇಶಗಳ ಈ ಜಂಟಿ ಠಾಣೆಯಲ್ಲಿ ಆ ಕಲ್ಲು ಕಾಯುವುದೇ ಅವನ ಕೆಲಸ. ನಾಳೆ ಎರಡೂ ಕಡೆಯ ಮಂತ್ರಿಗಳು ಅದರ ಪಕ್ಕ ನಿಂತು ಕೈಕುಲುಕುವವರಿದ್ದರು. ಕಲ್ಲು ಸಿಗದಿದ್ದರೆ ಅವನ ನೌಕರಿ ಹೋದಂತೆಯೇ.

ತನಿಖೆಗೆ ಬಂದವರು ಪತ್ತೇದಾರಮ್ಮ. ಠಾಣೆಯ ಒಂದೇ ಕೋಣೆ ಅರ್ಧ ಈ ದೇಶದಲ್ಲಿ, ಅರ್ಧ ಆ ದೇಶದಲ್ಲಿ. ಈ ಕಡೆ ಬೊಜ್ಜಿನ ಸಾಹೇಬರು, ಆ ಕಡೆ ಮೀಸೆ ಸಾಹೇಬರು. ಇಬ್ಬರಿಗೂ ಎಣ್ಣೆ-ಸೀಗೆಕಾಯಿ.

"ಊಟದ ಹೊತ್ತಲ್ಲಿ ಎಲ್ಲಿದ್ರಿ?"

"ಇಲ್ಲೇ. ಕಡತ ನೋಡ್ತಿದ್ದೆ," ಎಂದರು ಬೊಜ್ಜಿನ ಸಾಹೇಬರು.

"ನಾನೂ ಅಷ್ಟೇ," ಎಂದರು ಮೀಸೆ ಸಾಹೇಬರು.

"ಯಾರ ಮೇಲೆ ಅನುಮಾನ?"

"ಇವನೇ!" ಇಬ್ಬರೂ ಕಾವಲುಗಾರನತ್ತ ಬೊಟ್ಟು ಮಾಡಿದರು. ಅವರು ಒಂದು ಮಾತಿಗೆ ಒಪ್ಪಿದ್ದನ್ನು ಅವನು ನೋಡಿದ್ದು ಅದೇ ಮೊದಲು.

"ನನ್ನಾಣೆ ಇಲ್ಲಮ್ಮ! ಅದನ್ನ ಎತ್ತೋಕೆ ಇಬ್ಬರಾದ್ರೂ ಬೇಕು!"

ಗಾಳಿ ಭೋರೆನ್ನುತ್ತಿತ್ತು, ಮೇಜಿನ ಕಾಗದಗಳೆಲ್ಲ ಚೆಲ್ಲಾಪಿಲ್ಲಿ. ಪತ್ತೇದಾರಮ್ಮ ಬಾಗಿಲ ಬಳಿ ಉದುರಿದ್ದ ಗಾರೆ ನೋಡಿದರು. "ಇದೇನಪ್ಪಾ?"

"ಬಾಗಿಲು ಬಡಿದೂ ಬಡಿದೂ ಉದುರಿದ್ದಮ್ಮ. ಚಿಲಕ ಕೆಟ್ಟು ವರ್ಷಗಳಾದ್ವು. ರಿಪೇರಿ ಯಾವ ದೇಶದ್ದು ಅಂತ ಇನ್ನೂ ತೀರ್ಮಾನ ಆಗಿಲ್ಲ."

"ಮತ್ತೆ, ಇಷ್ಟು ಗಾಳಿಗೂ ಈಗ ಯಾಕೆ ಬಡೀತಿಲ್ಲ?"

ತೆರೆದ ಬಾಗಿಲಿನ ಬುಡದಲ್ಲಿ ಎರಡು ಕೋಟುಗಳು ಗುಪ್ಪೆಯಾಗಿದ್ದವು. ಪತ್ತೇದಾರಮ್ಮ ಅವನ್ನು ಸರಕ್ಕನೆ ಎಳೆದರು. ಅಡಿಯಲ್ಲಿ—ಗಡಿಕಲ್ಲು!

"ಎತ್ತೋಕೆ ಇಬ್ಬರು ಬೇಕು. ಇಲ್ಲಿದ್ದೋರು ಇಬ್ಬರೇ. ಕೋಟೂ ಎರಡೇ. ನಿಜ ಹೇಳಿ—ಕಡತ ನೋಡ್ತಿದ್ರೋ, ನಿದ್ದೆ ಹೊಡೀತಿದ್ರೋ?"

ಬೊಜ್ಜಿನ ಸಾಹೇಬರ ಮುಖ ಹುಳ್ಳಗಾಯಿತು. "ಕಣ್ಣು ಮುಚ್ಚಿದ್ರೆ ಸಾಕು, ಈ ಬಾಗಿಲು ಧಡಾರ್ ಅನ್ನೋದಮ್ಮ..."

"ಎದ್ದ ಮೇಲೆ ವಾಪಸ್ ಇಡೋಣ ಅಂತಿದ್ವಿ," ಎಂದು ಮೀಸೆ ಸಾಹೇಬರು ಗೊಣಗಿದರು. "ಅಷ್ಟರಲ್ಲಿ ಇವನು ಬೊಬ್ಬೆ ಹಾಕಿಬಿಟ್ಟ."

ಕಾವಲುಗಾರನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಸಲಾಂ ಹೊಡೆಸಿಕೊಂಡವರು ತಮ್ಮ ಒಂದು ನಿದ್ದೆಗಾಗಿ ಅವನ ಅನ್ನಕ್ಕೇ ಕಲ್ಲು ಹಾಕಲು ಹೊರಟಿದ್ದರು! ಆದರೂ ಅಭ್ಯಾಸಬಲದಿಂದ ಕಲ್ಲೆತ್ತಲು ಬಗ್ಗಿದ.

ಪತ್ತೇದಾರಮ್ಮ ತಡೆದರು. "ನೀನು ಕೂತ್ಕೋಪ್ಪ. ತಂದೋರೇ ಹೊತ್ಕೊಂಡು ಹೋಗ್ಲಿ."

ಅವನು ಬೊಜ್ಜಿನ ಸಾಹೇಬರ ಕುರ್ಚಿಯನ್ನೇ ಗುಂಡಿಯ ಬಳಿಗೆ ಎಳೆದುಕೊಂಡು ಕೂತ. ಸಾಹೇಬರಿಬ್ಬರೂ ಏದುಸಿರು ಬಿಡುತ್ತ ಕಲ್ಲು ತಂದರು. ಹಿಂದೆ ಬಾಗಿಲು ಧಡಾರೆಂದು ಬಡಿಯಿತು.

"ಸ್ವಲ್ಪ ಎಡಕ್ಕೆ, ಸಾಹೇಬ್ರೇ," ಎಂದ ಕಾವಲುಗಾರ, ಕಾಲ ಮೇಲೆ ಕಾಲು ಹಾಕಿಕೊಂಡು. "ಇಲ್ಲಾಂದ್ರೆ ಆ ಕಡೆ ದೇಶ ಒಂದು ಗೇಣು ದೊಡ್ಡದಾಗಿಬಿಡುತ್ತೆ!"