ಒಂದು ಮಗು ಜಾಸ್ತಿ

ಜುಲೈ ಹನ್ನೊಂದು, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆ ಠಾಣೆಗೆ ಬಂದಂಥ ದೂರು ಪೊಲೀಸ್ ಇಲಾಖೆ ಹುಟ್ಟಿದಂದಿನಿಂದ ಯಾವ ಠಾಣೆಗೂ ಬಂದಿಲ್ಲ. ಬಂದಿದೆ ಎನ್ನುವವರು ಸುಳ್ಳು ಹೇಳುತ್ತಾರೆ. ಠಾಣೆಯ ಫ್ಯಾನು ಎಷ್ಟು ನಿಧಾನವೆಂದರೆ ನೊಣಗಳು ಅದರ ರೆಕ್ಕೆ ಮೇಲೆ ಕೂತು ನಾಲ್ಕು ಸುತ್ತು ಹೊಡೆದು, ಬೇಸರವಾಗಿ ಇಳಿದು ಹೋಗುತ್ತಿದ್ದವು. ಅದರ ಕೆಳಗೆ ಬಂದು ನಿಂತವಳು ಟೈಲರ್ ಹೆಂಗಸು. ವಯಸ್ಸು ಐವತ್ತರ ಆಸುಪಾಸು, ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಸರ್ಕಾರಿ ಪತ್ರ.

ಏನು ಕಳೆದಿದೆ ಎಂದು ಇನ್ಸ್‌ಪೆಕ್ಟರು ಕೇಳಿದರು.

“ಕಳೆದಿಲ್ಲ ಸಾರ್. ಒಂದು ಮಗು ಜಾಸ್ತಿ ಆಗಿದೆ.”

“ಮಕ್ಕಳೆಷ್ಟು ನಿಮಗೆ?”

“ಸೊನ್ನೆ.”

“ಯಜಮಾನರು?”

“ಇದ್ರು. ಈಗ ಅವರೂ ಸೊನ್ನೆ. ಮನೇಲಿ ನಾನು, ನನ್ನ ಮಿಷನ್ನು. ಇಬ್ಬರೇ.”

ಪತ್ರ ಶಿಕ್ಷಣ ಕಚೇರಿಯದು. ಸೇತುವೆ ಪಕ್ಕದ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿರುವ ತಮ್ಮ ಮಗಳ ಪರವಾಗಿ ಸಲ್ಲಿಸಿರುವ ಕಡಿಮೆ ಆದಾಯದ ಅರ್ಜಿಯನ್ನು ಪರಿಶೀಲನೆಗೆ ಆರಿಸಲಾಗಿದೆ, ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು ಎಂದು ಅದರಲ್ಲಿತ್ತು. ಇನ್ಸ್‌ಪೆಕ್ಟರು ಮೂರು ಸಲ ಓದಿದರು. ಸುಳ್ಳು ದಾಖಲೆ ಸೃಷ್ಟಿ ಎಂದು ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಹೆಬ್ಬೆರಳಿನಷ್ಟು ದಪ್ಪದ ಕೇಸುಗಳನ್ನು ಕಂಡ ಠಾಣೆಗೆ ಇದು ಗಾಳಿಯಲ್ಲಿ ಹಾರುವ ಕೇಸು ಅನ್ನಿಸಿದ್ದು ನಿಜ.

ತನಿಖೆಗೆ ಜೊತೆಯಾದವಳು ಮಹಿಳಾ ಪೇದೆ. ಅವಳು ಒಂದು ಗಳಿಗೆ ದಿಟ್ಟಿಸಿದರೆ ಗೋಡೆಯೂ ತಪ್ಪೊಪ್ಪಿಕೊಂಡು ಸುಣ್ಣ ಉದುರಿಸುತ್ತದೆ. ಮಧ್ಯಾಹ್ನ ಇಬ್ಬರೂ ಶಾಲೆಗೆ ಹೋದರು. ಪತ್ರ ನೋಡಿದ ಹೆಡ್‌ಮೇಡಂ ಕುರ್ಚಿಯಲ್ಲಿ ಕುಸಿದ ರಭಸಕ್ಕೆ ಮೇಜಿನ ಮೇಲಿನ ಗ್ಲೋಬು ಅರ್ಧ ಸುತ್ತು ತಿರುಗಿತು. ಅಂಥ ಮಗು ಹಾಜರಿ ಪುಸ್ತಕದಲ್ಲಿತ್ತು, ಬೆಂಚಿನ ಮೇಲಿರಲಿಲ್ಲ. ಕಾಯಿಲೆ ಎಂದು ಪೋಷಕರ ಚೀಟಿ ಬಂದಿದೆ ಎಂದು ಶಾಲೆಯ ಕಚೇರಿಯಿಂದಲೇ ತಿಳಿಸಿದ್ದರಂತೆ.

ಆ ಅರ್ಜಿಗಳಿಂದ ಏನಾಗುತ್ತದೆ ಎಂದು ಇನ್ಸ್‌ಪೆಕ್ಟರು ಕೇಳಿದ್ದಕ್ಕೆ ಆಕೆ ವಿವರಿಸಿದಳು. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರ ಸರ್ಕಾರ ಅನುದಾನ ಹಂಚುತ್ತದೆ. ಬಡ ಮಕ್ಕಳು ಯಾರು ಎಂಬುದು ಸರ್ಕಾರಕ್ಕೆ ಮುಖ ನೋಡಿ ತಿಳಿಯುವುದಿಲ್ಲ, ತಂದೆ ತಾಯಿ ಸಹಿ ಹಾಕಿದ ಅರ್ಜಿಯಿಂದ ತಿಳಿಯುತ್ತದೆ. ನೂರಿಪ್ಪತ್ತು ಅರ್ಜಿಯಿದ್ದರೆ ಅನುದಾನ. ನೂರಹತ್ತೊಂಬತ್ತಿದ್ದರೆ ಶೂನ್ಯ.

“ನೀವು ಎಷ್ಟು ಕಳಿಸಿದ್ರಿ?”

“ನೂರಿಪ್ಪತ್ತು.”

“ಸರಿಯಾಗಿ?”

“ಸರಿಯಾಗಿ,” ಎಂದ ಮೇಡಂಗೆ ಆ ಮಾತು ಈಗ ಮೊದಲ ಸಲ ವಿಚಿತ್ರವಾಗಿ ಕೇಳಿಸಿತು.

ಆ ಅನುದಾನದಿಂದಲೇ ಶಾಲೆಯಲ್ಲೊಬ್ಬ ಓದಿನ ಟೀಚರಿದ್ದಳು. ಅಕ್ಷರ ಕೂಡಿಸಲು ಬಾರದ ಐವತ್ತೆರಡು ಮಕ್ಕಳನ್ನು ಐದೈದರಂತೆ ಕೂರಿಸಿಕೊಂಡು ಓದಿಸುವುದು ಅವಳ ಕೆಲಸ. ಅರ್ಜಿಗಳು ಬಿದ್ದುಹೋದರೆ ಅವಳ ಕೆಲಸವೂ ಬಿತ್ತು, ಐವತ್ತೆರಡು ಮಕ್ಕಳು ಇದ್ದಲ್ಲೇ ಉಳಿದರು. ಮೇಡಂ ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು.

ಮರುದಿನ ಶಿಕ್ಷಣ ಕಚೇರಿಯಲ್ಲಿ ನೂರಿಪ್ಪತ್ತು ಅರ್ಜಿಗಳನ್ನು ಮೇಜಿನ ಮೇಲೆ ಹರಡಿದಾಗ ಮೇಜು ಸಾಲದೆ ನೆಲಕ್ಕಿಳಿಸಿದರು, ನೆಲ ಸಾಲದೆ ಆ ಕಚೇರಿಯ ಸಾಹೇಬರನ್ನೇ ಹೊರಗೆ ಕೂರಿಸಿದರು. ಪೇದೆ ಮೊಣಕಾಲೂರಿ ಎರಡು ಗಂಟೆ ನೋಡಿದಳು. ಬರಹ ಒಂದೊಂದರಲ್ಲೂ ಬೇರೆ, ಶಾಯಿ ಬೇರೆ. ಕೆಲವು ಎಡಗೈಯಲ್ಲಿ ಬರೆದಂತೆ ವಾಲಿದ್ದವು. ಆದರೂ ಅವಳು ಹನ್ನೊಂದನ್ನು ಹೆಕ್ಕಿ ಬೇರೆ ಇಟ್ಟಳು.

“ಹೆಂಗೆ ಗೊತ್ತಾಯ್ತಮ್ಮ?”

“ಸಾರ್, ನಮ್ಮಪ್ಪ ಇಂಥ ಅರ್ಜಿ ತುಂಬಿದ್ದು ನೋಡಿದೀನಿ. ಅರ್ಧ ಕಾಲಂ ಖಾಲಿ ಬಿಡ್ತಿದ್ರು. ಒಂದು ತಪ್ಪು ಬರೆದು ಹೊಡೆದು ಹಾಕ್ತಿದ್ರು. ಅಮ್ಮ ಅದರ ಮೇಲೆ ಲೋಟ ಇಡ್ತಿದ್ಲು. ಈ ನೂರೊಂಬತ್ತೂ ಹಂಗೇ ಇವೆ. ಈ ಹನ್ನೊಂದರಲ್ಲಿ ಒಂದು ಕಾಲಮ್ಮೂ ಖಾಲಿ ಇಲ್ಲ. ಬೇಡದಿದ್ದ ಕಡೆ ‘ಅನ್ವಯಿಸುವುದಿಲ್ಲ’ ಅಂತ ಬರೆದಿದಾರೆ. ಯಾವ ತಾಯಿ ಸಾರ್ ಹಂಗೆ ಬರೀತಾಳೆ?”

ಬರೆದವರು ಅಪ್ಪ ಅಮ್ಮಂದಿರಲ್ಲ, ಕಚೇರಿಯಲ್ಲಿ ಕೂತು ಕೂದಲು ಬೆಳ್ಳಗಾದ ಯಾರೋ. ಖಾಲಿ ಕಾಲಂ ಕಂಡರೆ ನಿದ್ದೆ ಬಾರದ ಜನ ಅವರು. ಇಬ್ಬರು ಪಂಚರ ಎದುರು ಪಂಚನಾಮೆ ಬರೆದು ಅರ್ಜಿಗಳನ್ನು ವಶಕ್ಕೆ ಪಡೆದರು. ಪಂಚರಲ್ಲೊಬ್ಬ ಅಲ್ಲೇ ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್. ತನ್ನ ಸಹಿ ಇಷ್ಟು ಬೆಲೆಬಾಳುತ್ತದೆಂದು ಗೊತ್ತಿರಲಿಲ್ಲವೆಂದು ಅವನು ಮುಂದೆ ಆರು ತಿಂಗಳು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಹದಿಮೂರು ಮತ್ತು ಹದಿನಾಲ್ಕರಂದು ಹನ್ನೊಂದು ವಿಳಾಸಗಳನ್ನು ಹುಡುಕಿ ಹೋದರು. ಇಲ್ಲಿಗೆ ಬಂದಾಗ ಕತೆ ಹೇಳುವವನ ಬಾಯಿಯೂ ಸ್ವಲ್ಪ ತಗ್ಗುತ್ತದೆ. ಪ್ರತಿ ವಿಳಾಸದಲ್ಲೂ ಮನೆಯಿತ್ತು. ಹನ್ನೊಂದನೆಯದಕ್ಕೆ ಬೀಗ ಹಾಕಿತ್ತು, ಉಳಿದ ಹತ್ತರಲ್ಲೂ ಒಬ್ಬೊಬ್ಬರೇ ಇದ್ದರು. ಬಾಗಿಲು ತಟ್ಟಿದರೆ ಯಾರೆಂದು ಕೇಳದೆ ತೆರೆಯುತ್ತಿದ್ದರು. ಪೊಲೀಸರೆಂದು ತಿಳಿದ ಮೇಲೂ ಒಳಗೆ ಬನ್ನಿ ಎನ್ನುತ್ತಿದ್ದರು. ಕೂತ ಮೇಲೆ ಏಳಲು ಬಿಡುತ್ತಿರಲಿಲ್ಲ.

ಐದನೆಯ ಮನೆಯ ನಿವೃತ್ತ ವಾಚ್‌ಮನ್ ತಾತನಿಗೆ ಪರಿಶೀಲನೆಯವರ ಫೋನೂ ಬಂದಿತ್ತು. ಮೊಮ್ಮಗಳು ಓದುತ್ತಿರುವುದು ನಿಜವೇ ಎಂದು ಅವರು ಕೇಳಿದ್ದರು. ಹೌದೆಂದು ತಾತ ಒಪ್ಪಿಕೊಂಡಿದ್ದ.

“ಯಾಕೆ ಸುಳ್ಳು ಹೇಳಿದಿರಿ ತಾತ?”

“ಇಲ್ಲ ಅಂದಿದ್ರೆ ಫೋನ್ ಇಟ್ಟುಬಿಡ್ತಿದ್ರಲ್ಲಪ್ಪ.”

ಆ ಮೊಮ್ಮಗಳ ಬಗ್ಗೆ ತಾತ ನಲವತ್ತು ನಿಮಿಷ ಮಾತಾಡಿದ್ದ. ಹಟ ಮಾಡ್ತಾಳೆ, ಗಣಿತದಲ್ಲಿ ಚುರುಕು ಅಂದಿದ್ದ. ಪೇದೆ ಇದನ್ನು ಹೇಳಿಕೆಯಲ್ಲಿ ಬರೆದುಕೊಂಡಳು, ನಲವತ್ತು ನಿಮಿಷ ಎಂಬುದನ್ನು ಬಿಟ್ಟು.

ಟೈಲರ್ ಹೆಂಗಸಿನ ಮನೆಯಲ್ಲಿ ಸಹಿ ತೆಗೆದುಕೊಳ್ಳುವಾಗ ಆಕೆ ಮೆಲ್ಲಗೆ, ಆ ಹುಡುಗಿಗೆ ಹೆಸರೇನು ಇಟ್ಟಿದಾರೆ ಎಂದು ಕೇಳಿದಳು. ಪೇದೆ ಹೇಳಿದಳು. ಆಕೆ ಹೆಸರನ್ನು ಒಂದು ಸಲ ಬಾಯಲ್ಲಿ ಅಂದು ನೋಡಿ, ಸಹಿ ಹಾಕಿ, ಮಿಷನ್ ತುಳಿಯತೊಡಗಿದಳು.

ಜೀಪಿನಲ್ಲಿ ಇನ್ಸ್‌ಪೆಕ್ಟರು ಲೆಕ್ಕ ಹಾಕಿದರು. ಖಾಲಿ ಮನೆಯ ವಿಳಾಸ ಕೊಟ್ಟರೆ ಕಚೇರಿಯ ಕಾಗದ ವಾಪಸ್ ಬಂದು ಸಿಕ್ಕಿಬೀಳಬಹುದು. ಮಕ್ಕಳಿರುವ ಮನೆಯ ವಿಳಾಸ ಕೊಟ್ಟರೆ ಆ ಮಕ್ಕಳ ದಾಖಲೆಗೆ ತಾಳೆಯಾಗದೆ ಸಿಕ್ಕಿಬೀಳಬಹುದು. ಆದ್ದರಿಂದ ಕಾಗದ ತೆಗೆದುಕೊಳ್ಳುವವರು ಇರಬೇಕು, ಮಗು ಇರಬಾರದು. ಅಂಥ ಮನೆಗಳು ಯಾರಿಗೆ ಗೊತ್ತಿರುತ್ತವೆ?

“ಮಕ್ಕಳನ್ನ ಎಣಿಸೋರಿಗೆ,” ಎಂದಳು ಪೇದೆ.

ಶಾಲೆಗೆ ಸೇರಬೇಕಾದ ಮಕ್ಕಳೆಷ್ಟು ಎಂದು ವರ್ಷಕ್ಕೊಮ್ಮೆ ಮನೆಮನೆ ಸಮೀಕ್ಷೆ ಮಾಡುವವನು ಶಾಲೆಯ ಗುಮಾಸ್ತ. ಹೆಡ್‌ಮೇಡಂಗೆ ಫೋನ್ ಮಾಡಿ ಅವನ ವಿಳಾಸ ಕೇಳಿದರು. ಅದು ಪಟ್ಟಿಯ ಹನ್ನೊಂದನೆಯ ವಿಳಾಸವೇ ಆಗಿತ್ತು. ಮಕ್ಕಳಿಲ್ಲದ ಒಂಟಿ ಮನೆಗಳು ಸಮೀಕ್ಷೆಯಲ್ಲಿ ಹತ್ತೇ ಸಿಕ್ಕಿದ್ದವು. ಇನ್ನೊಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹದಿನಾಲ್ಕರ ಸಂಜೆ ಆರು ಗಂಟೆಗೆ ಗುಮಾಸ್ತ ಸೈಕಲ್ ತಳ್ಳಿಕೊಂಡು ಬಂದಾಗ ಮೆಟ್ಟಿಲ ಮೇಲೆ ಇನ್ಸ್‌ಪೆಕ್ಟರು ಕೂತಿದ್ದರು. ಅವನು ಓಡಲಿಲ್ಲ, ಬೆವರಲಿಲ್ಲ. ತುಂಬ ಹೊತ್ತಾಯಿತೇ ಸಾರ್ ಬಂದು ಎಂದು ವಿಚಾರಿಸಿ ಬೀಗ ತೆಗೆದ. ಒಳಗೆ ಎರಡು ಕುರ್ಚಿ. ಒಂದರ ಸೀಟು ಸವೆದು ಬಟ್ಟಲಾಗಿತ್ತು. ಇನ್ನೊಂದಕ್ಕೆ ಅಂಗಡಿಯವರು ಸುತ್ತಿದ ಪ್ಲಾಸ್ಟಿಕ್ಕು ಹಾಗೆಯೇ ಇತ್ತು. ಇನ್ಸ್‌ಪೆಕ್ಟರು ಅದರ ಮೇಲೆ ಕೂತಾಗ ಚರಚರ ಸದ್ದಾಯಿತು.

“ಯಾರು ಮಾಡಿಸಿದ್ದು?”

“ಯಾರೂ ಇಲ್ಲ.”

“ಮೇಡಂಗೆ ಗೊತ್ತಾ?”

“ಗೊತ್ತಿದ್ದಿದ್ರೆ ನೂರೊಂಬತ್ತು ಕಳಿಸಿ ಅಳ್ತಾ ಕೂತಿರೋರು.”

“ನಿನಗೇನು ಸಿಕ್ತು?”

ಗುಮಾಸ್ತ ಯೋಚಿಸಿದ. ಅವನ ಕೋಣೆಗೂ ಓದಿನ ಕೋಣೆಗೂ ನಡುವೆ ಒಂದು ಹಲಗೆ ಗೋಡೆಯಂತೆ. ದಿನವಿಡೀ ಅದರಾಚೆಯಿಂದ ಮಕ್ಕಳು ಅಕ್ಷರ ಕೂಡಿಸುವುದು ಕೇಳುತ್ತದಂತೆ. ಅನುದಾನ ನಿಂತರೆ ಅಲ್ಲಿ ಮುರಿದ ಬೆಂಚು ತುಂಬುತ್ತಾರಂತೆ. ಇಷ್ಟನ್ನು ಯಾರದೋ ವಿಷಯ ಹೇಳುವಂತೆ ಹೇಳಿ, ಬೀರುವಿನಿಂದ ಒಂದು ಕಟ್ಟು ತಂದು ಮೇಜಿನ ಮೇಲಿಟ್ಟ. ಹನ್ನೊಂದು ಅರ್ಜಿಗಳು. ಮೇಲೆ ಮಗುವಿನ ಹೆಸರು, ಕೆಳಗೆಲ್ಲ ಖಾಲಿ.

ಇವು ಶಾಲೆಯಲ್ಲಿ ನಿಜವಾಗಿ ಓದುತ್ತಿರುವ ಹನ್ನೊಂದು ಬಡ ಮಕ್ಕಳದ್ದು. ಗುಮಾಸ್ತ ಅವರ ಮನೆಗಳಿಗೆ ಮೂರು ಮೂರು ಸಲ ಹೋಗಿದ್ದ. ಒಬ್ಬ ಪೇಂಟರ್, ನನ್ನ ಮಗ ಯಾವತ್ತಾದರೂ ಹಸಿದು ಶಾಲೆಗೆ ಬಂದಿದ್ದಾನೆಯೇ ಎಂದು ಕೇಳಿ ಬಾಗಿಲು ಹಾಕಿದ್ದ. ಒಬ್ಬ ತಾಯಿ ಓದಿ, ಮಡಿಸಿ, ನಮಸ್ಕಾರ ಮಾಡಿ ವಾಪಸ್ ಕೊಟ್ಟಿದ್ದಳು. ತಾವು ಬಡವರೆಂದು ತಮ್ಮ ಕೈಯಾರೆ ಬರೆದುಕೊಡಲು ಹನ್ನೊಂದು ಮನೆಯವರೂ ಒಪ್ಪಿರಲಿಲ್ಲ.

ಇನ್ಸ್‌ಪೆಕ್ಟರು ಕಟ್ಟನ್ನು ತಿರುವಿದರು. “ಅಂದ್ರೆ ನೂರಿಪ್ಪತ್ತು ಅನ್ನೋ ಲೆಕ್ಕ ನಿಜ.”

“ಲೆಕ್ಕ ನಿಜ ಸಾರ್. ಮಕ್ಕಳು ಸುಳ್ಳು.”

“ಇವರ ಅರ್ಜೀಲೇ ಸಹಿ ಹಾಕಿದ್ರೆ ನಿನ್ನನ್ನ ಯಾರೂ ಹಿಡೀತಿರಲಿಲ್ವಲ್ಲ ಮಾರಾಯ.”

“ಅವರು ಬೇಡ ಅಂದಿದ್ರು. ಬೇಡ ಅಂದೋರನ್ನ ಬಡವರು ಅಂತ ಬರೆಯೋಕೆ ಕೈ ಬರಲಿಲ್ಲ. ಹುಟ್ಟದೇ ಇರೋ ಮಕ್ಕಳಿಗಾದ್ರೆ ಅವಮಾನ ಆಗಲ್ಲ.”

ಅಂದು ಸಂಜೆ ಏಳು ಹತ್ತಕ್ಕೆ ಬಂಧನ. ಹತ್ತು ಪೈಸೆಯ ಲಾಭವಿಲ್ಲದೆ ಇಷ್ಟು ಶ್ರದ್ಧೆಯಿಂದ ಅಪರಾಧ ಮಾಡಿದವನನ್ನು ಇನ್ಸ್‌ಪೆಕ್ಟರು ತಮ್ಮ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲ. ಇದರಲ್ಲಿ ನನ್ನದು ಒಂದಿಷ್ಟೂ ಉತ್ಪ್ರೇಕ್ಷೆಯಿಲ್ಲ.

ಶಿಕ್ಷಣ ಕಚೇರಿ ಹನ್ನೊಂದು ಹೆಸರುಗಳನ್ನು ಹೊಡೆದು ಹಾಕಿತು. ಅರ್ಜಿ ಸಲ್ಲಿಸಲು ಜುಲೈ ಮೂವತ್ತೊಂದರವರೆಗೆ ಸಮಯವಿತ್ತು. ಹೆಡ್‌ಮೇಡಂ ತಾನೇ ಹೊಸ ಅರ್ಜಿಗಳನ್ನು ಹಿಡಿದು ಆ ಹನ್ನೊಂದು ಮನೆಗಳಿಗೆ ನಡೆದಳು. ಗುಮಾಸ್ತ ಜೈಲಿಗೆ ಹೋದ ಸುದ್ದಿ ಅಷ್ಟರಲ್ಲಿ ಎಲ್ಲ ಕಡೆ ಹಬ್ಬಿತ್ತು. ಏಳು ಮನೆಯವರು ಮಾತಿಲ್ಲದೆ ಸಹಿ ಹಾಕಿದರು. ನಾಲ್ಕು ಮನೆಯವರು ಹಾಕಲಿಲ್ಲ. ನೂರಹದಿನಾರು. ಆಗಸ್ಟ್ ಮೊದಲ ವಾರ ಓದಿನ ಟೀಚರ್ ತನ್ನ ಚಾಪೆ ಸುತ್ತಿಕೊಂಡು ಹೋದಳು.

ಆಗಸ್ಟ್ ಒಂಬತ್ತರಂದು ನ್ಯಾಯಾಲಯದ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದಾಗ ಪೇದೆ ಗುಮಾಸ್ತನಿಗೆ ಇದನ್ನು ತಿಳಿಸಿದಳು. ಅವನನ್ನು ನೋಡಲು ಅಷ್ಟು ದಿನದಲ್ಲಿ ಯಾರೂ ಬಂದಿರಲಿಲ್ಲ. ಅವನು ಅನುದಾನದ ಬಗ್ಗೆ ಏನೂ ಕೇಳಲಿಲ್ಲ. ಯಾವ ನಾಲ್ಕು ಮನೆ ಎಂದು ಮಾತ್ರ ಕೇಳಿದ. ಪೇದೆ ಹೇಳಿದಳು.

ಗುಮಾಸ್ತ ತಲೆಯಾಡಿಸಿದ. “ಮೇಡಂಗೆ ಹೇಳಿ, ಆ ಮನೆಗಳಿಗೆ ಇನ್ನೊಂದ್ಸಲ ಹೋಗೋದು ಬೇಡ. ಹುಡುಗರು ಮನೇಲಿದ್ರೆ ಬಡವರು ಅನ್ನೋ ಮಾತು ಕೇಳಿಸಿಬಿಡುತ್ತೆ.”